8080 ಪೋರ್ಟ್ ಯಾರ ಹಿಡಿತದಲ್ಲಿದೆ ಅಂತ ನೋಡೋದು ಹೇಗೆ?

ಹಾಸನ, ಸಕಲೇಶಪುರ ಕಡೆ ಆಫೀಸುಗಳಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಇದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ 8080 ಪೋರ್ಟ್ (ನೆಟ್‌ವರ್ಕ್ ಸಂಪರ್ಕಕ್ಕೆ ಪ್ರೋಗ್ರಾಂ ಬಳಸುವ ಬಾಗಿಲಿನ ನಂಬರ್) ಬಳಸುವ ಟಾಮ್‌ಕ್ಯಾಟ್ ಅನ್ನೋ ವೆಬ್ ಸರ್ವರ್ ಏಳುವುದಿಲ್ಲ, ಲಾಗ್‌ನಲ್ಲಿ 'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಅಂತ ಬಂದಿರುತ್ತದೆ, ಅಲ್ವಾ? ಬೇರೆ ಯಾವುದೋ ಪ್ರೋಗ್ರಾಂ ಮೊದಲೇ ಎದ್ದು ಆ ಪೋರ್ಟ್ ಹಿಡಿದು ಕೂತಿದೆ ಅಂತ ಅರ್ಥ. ಸುಮ್ನೆ ರೀಬೂಟ್ ಮಾಡಬೇಡಿ.

'ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ' ಕೊಡಿ, ಎಲ್ಲ ಚಿಕ್ಕ ಅಕ್ಷರದಲ್ಲಿ. :8080 ಇರುವ ಸಾಲಿನ ಕೊನೆಯಲ್ಲಿ ಪ್ರೋಗ್ರಾಂ ಹೆಸರು, ಪಿಐಡಿ (ಓಡುತ್ತಿರುವ ಆ ಪ್ರೋಗ್ರಾಂನ ನಂಬರ್) ಎರಡೂ ಸಿಗುತ್ತವೆ. ಸುಡೊ (ಅಡ್ಮಿನ್ ಅಧಿಕಾರ ಕೊಡುವುದು) ಬಿಟ್ಟರೆ ಪೋರ್ಟ್ ಕಾಣುತ್ತದೆ, ಆದರೆ ಬೇರೆ ಯೂಸರ್ ನಡೆಸುತ್ತಿರುವ ಪ್ರೋಗ್ರಾಂನ ಹೆಸರಿನ ಜಾಗ ಖಾಲಿ. ಜಾಸ್ತಿ ಜನ ಎಡವುವುದು ಇಲ್ಲೇ. ಒಂದೇ ಪೋರ್ಟ್ ಸಾಕು ಅಂದ್ರೆ 'ಸುಡೊ ಎಲ್‌ಎಸ್‌ಒಎಫ್ -ಐ :8080'. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕಿದ್ದ ನೆಟ್‌ಸ್ಟ್ಯಾಟ್ ಹಳೆಯದು, ಹೊಸ ಸರ್ವರ್‌ಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ.

ಪಿಐಡಿ ಸಿಕ್ಕ ತಕ್ಷಣ 'ಕಿಲ್ -9' (ಬಲವಂತವಾಗಿ ಕೊಲ್ಲುವ ಕಮಾಂಡ್) ಹೊಡೆಯೋ ಚಾಳಿ ಬಿಡಿ ಮಾರಾಯ್ರೆ. 'ಪಿಎಸ್ -ಎಫ್‌ಪಿ' ಜೊತೆ ಆ ನಂಬರ್ ಕೊಟ್ಟು ಅದೇನು ಅಂತ ಮೊದಲು ನೋಡಿ. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಂ) ಸರ್ವೀಸ್ ಆಗಿದ್ದರೆ ಕೊಂದರೂ ಮತ್ತೆ ಎದ್ದು ಬರಬಹುದು, 'ಸಿಸ್ಟಮ್‌ಸಿಟಿಎಲ್ ಸ್ಟಾಪ್' ಜೊತೆ ಸರ್ವೀಸ್ ಹೆಸರು ಕೊಟ್ಟೇ ನಿಲ್ಲಿಸಿ. ವಿಂಡೋಸ್‌ನಲ್ಲಾದರೆ 'ನೆಟ್‌ಸ್ಟ್ಯಾಟ್ -ಎಎನ್‌ಒ', ಕೊನೆಯ ಕಾಲಂನಲ್ಲಿ ಇರುವುದೇ ಪಿಐಡಿ.