ಜರ್ಮನಿಗೆ ಒಂದು ಸೆಮಿಸ್ಟರ್: ಮೈಸೂರು ಬಿಡುವ ಮುನ್ನವೇ ಮುಗಿಸಬೇಕಾದ ಕೆಲಸಗಳು

ಜೂನ್ ತಿಂಗಳು ಬಂತೆಂದರೆ ಮಾನಸಗಂಗೋತ್ರಿಯ ಕಡೆಯಿಂದ ನನಗೆ ಒಂದೆರಡು ಕರೆಗಳು ಬರುತ್ತವೆ. "ಅಕ್ಕಾ, ಜರ್ಮನಿಯಿಂದ ಆಯ್ಕೆ ಪತ್ರ ಬಂದಿದೆ, ಒಂದು ಸೆಮಿಸ್ಟರ್ ವಿನಿಮಯ ವಿದ್ಯಾರ್ಥಿಯಾಗಿ ಹೋಗುತ್ತಿದ್ದೇನೆ. ಸ್ವೆಟರ್ ಎಷ್ಟು ಬೇಕು?" ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: "ನಿನ್ನ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆ?"

ಕೇಳುವುದಕ್ಕೆ ಕಾರಣವಿದೆ. ನಮ್ಮ ಮಂಡ್ಯ, ಮೈಸೂರು ಕಡೆಯವರ ಹೆಸರಿನ ಹಿಂದೆ ಇನಿಷಿಯಲ್ ಇರುತ್ತದೆ, ಮುಂದೆ ಏನೂ ಇರುವುದಿಲ್ಲ. ನನ್ನದು ಕೆ.ಎಸ್. ಕೆ ಎಂದರೆ ಊರು ಕೆರಗೋಡು, ಎಸ್ ಎಂದರೆ ಅಪ್ಪನ ಹೆಸರು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಾಗೆಯೇ ಇದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರು, ಅಪ್ಪ, ನಾನು ಮೂವರೂ ಒಂದೇ ಸಾಲಿನಲ್ಲಿ ನಿಂತಿದ್ದೇವೆ. ಕುಲನಾಮದ ಜಾಗ ಮಾತ್ರ ಖಾಲಿ. ಜರ್ಮನಿಯ ಪ್ರತಿಯೊಂದು ಅರ್ಜಿಯಲ್ಲೂ ಕುಲನಾಮದ ಖಾನೆ ತುಂಬದೆ ಮುಂದಕ್ಕೆ ಹೋಗಲಾಗುವುದಿಲ್ಲ. ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಒಂದು ಬಗೆ, ಬ್ಯಾಂಕಿನಲ್ಲಿ ಇನ್ನೊಂದು ಬಗೆ, ವಿಮೆಯಲ್ಲಿ ಮತ್ತೊಂದು ಬಗೆ ತುಂಬಿದರೆ ಆ ದೇಶದ ಕಡತಗಳಲ್ಲಿ ನೀವು ಮೂರು ಜನರಾಗಿಬಿಡುತ್ತೀರಿ.

ಆದ್ದರಿಂದ ಸಮಯವಿದ್ದರೆ ಪಾಸ್‌ಪೋರ್ಟಿನಲ್ಲೇ ಕುಲನಾಮ ಸೇರಿಸಿಕೊಳ್ಳಿ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ದೇಶದಲ್ಲಿ ಮೊದಲು ಆರಂಭವಾದದ್ದೇ ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿಯಲ್ಲಿ. ಸಮಯವಿಲ್ಲದಿದ್ದರೆ ಒಂದು ತೀರ್ಮಾನ ಮಾಡಿ: ಪಾಸ್‌ಪೋರ್ಟಿನಲ್ಲಿ ಅಕ್ಷರಗಳು ಹೇಗಿವೆಯೋ ಹಾಗೆಯೇ ಎಲ್ಲ ಕಡೆಯೂ ಬರೆಯಬೇಕು. ಅಂಕಪಟ್ಟಿಯ ಹೆಸರು, ಪಾಸ್‌ಪೋರ್ಟಿನ ಹೆಸರು ಎರಡೂ ಒಬ್ಬರದೇ ಎಂದು ನೋಟರಿಯವರಿಂದ ಇಂಗ್ಲಿಷಿನಲ್ಲಿ ಒಂದು ಪ್ರಮಾಣಪತ್ರ ಮಾಡಿಸಿ ಕಡತದಲ್ಲಿ ಇಟ್ಟುಕೊಳ್ಳಿ. ವೀಸಾಕ್ಕೆ ಬೆರಳಚ್ಚು ಕೊಡಲು ಮಾತ್ರ ಬೆಂಗಳೂರಿಗೆ ಹೋಗಲೇಬೇಕು. ಅದರ ಸಮಯ ಸಿಗುವುದೇ ಕಷ್ಟವಾದ್ದರಿಂದ ಆಯ್ಕೆ ಪತ್ರ ಕೈಗೆ ಬಂದ ವಾರವೇ ಅರ್ಜಿ ಶುರುಮಾಡಿ.

ಹೆಸರಿನ ನಂತರ ವಿಳಾಸ. ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ನೀವು ಅಲ್ಲಿ ವಾಸಿಸುತ್ತಿದ್ದೀರಿ ಎಂದು ಊರಿನ ಕಚೇರಿಯಲ್ಲಿ ನೋಂದಾಯಿಸಬೇಕು. ಇದು ಕಾನೂನು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಪಾಸ್‌ಪೋರ್ಟಿನ ಜೊತೆಗೆ ಮನೆ ಕೊಟ್ಟವರು ಸಹಿ ಮಾಡಿದ ಒಂದು ಪತ್ರವನ್ನು ಅಲ್ಲಿ ಕೇಳುತ್ತಾರೆ. ಬಾಡಿಗೆ ಕರಾರು ತೋರಿಸಿದರೆ ಸಾಲದು, ಆ ಪತ್ರವೇ ಬೇಕು. ನೋಂದಣಿಯ ಚೀಟಿ ಇಲ್ಲದೆ ಹಲವು ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ. ಖಾತೆ ಇಲ್ಲದೆ ನೀವು ಇಲ್ಲಿಂದ ಕಳಿಸಿಟ್ಟ ಹಣ ನಿಮ್ಮ ಕೈಗೆ ಬರುವುದಿಲ್ಲ. ವೀಸಾಕ್ಕಾಗಿ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ, ಪೂರ್ತಿ ವರ್ಷಕ್ಕಾದರೆ 11,904 ಯೂರೋ, ತಡೆಹಿಡಿದ ಖಾತೆಯೊಂದರಲ್ಲಿ ಇಡಬೇಕಲ್ಲ, ಆ ಹಣದ ಮಾತು ಇದು. (ಈ ಮೊತ್ತ ಆಗಾಗ ಏರುತ್ತದೆ, ಅರ್ಜಿ ಹಾಕುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.) ಅದು ನಿಮ್ಮದೇ ಹಣ. ಆದರೂ ತಿಂಗಳಿಗೊಂದು ಕಂತಿನಂತೆ, ನಿಮ್ಮ ಹೆಸರಿನ ಖಾತೆಗೆ ಮಾತ್ರ ಬರುತ್ತದೆ. ಅಂದರೆ ಮನೆಯಿಂದ ಪತ್ರ, ಪತ್ರದಿಂದ ನೋಂದಣಿ, ನೋಂದಣಿಯಿಂದ ಖಾತೆ, ಖಾತೆಯಿಂದ ಹಣ. ನಡುವಿನ ಒಂದು ಕೊಂಡಿ ಕಳಚಿದರೂ ಮುಂದಿನದೆಲ್ಲ ನಿಂತುಹೋಗುತ್ತದೆ. ಹೀಗಾಗಿ ಮೊದಲ ಒಂದು ತಿಂಗಳು ಈ ಹಣವನ್ನು ನಂಬದೆ ಬದುಕುವಷ್ಟು ಯೂರೋವನ್ನು ವಿದೇಶಿ ಕಾರ್ಡಿನಲ್ಲೂ ಸ್ವಲ್ಪ ನಗದಾಗಿಯೂ ಒಯ್ಯಿರಿ.

ಮನೆಯ ವಿಷಯದಲ್ಲಿ ನನ್ನ ಸಲಹೆ ಖಚಿತ. ವಿದ್ಯಾರ್ಥಿ ಸೇವಾ ಸಂಸ್ಥೆಗಳು ನಡೆಸುವ ಹಾಸ್ಟೆಲ್‌ಗೆ, ಪ್ರವೇಶ ಸಿಕ್ಕ ದಿನವೇ ಅರ್ಜಿ ಹಾಕಿ. ಖಾಸಗಿ ಕೋಣೆ ಹುಡುಕುವುದಾದರೆ "ನಾನು ಈಗ ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳಿಸಿ, ಬೀಗದಕೈ ಅಂಚೆಯಲ್ಲಿ ಬರುತ್ತದೆ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಬಾಡಿಗೆಯಲ್ಲಿ ಎರಡು ಬಗೆ ಇದೆ. ತಣ್ಣನೆಯ ಬಾಡಿಗೆ ಎಂದರೆ ಬರಿಯ ಕೋಣೆಯದು, ಬೆಚ್ಚನೆಯ ಬಾಡಿಗೆ ಎಂದರೆ ನೀರು, ಕಸ, ಕೋಣೆ ಕಾಯಿಸುವ ಖರ್ಚು ಸೇರಿದ್ದು. ಕೇಳಬೇಕಾದದ್ದು ಎರಡನೆಯದನ್ನು. "ಈ ವಿಳಾಸದಲ್ಲಿ ನೋಂದಣಿ ಮಾಡಿಸಬಹುದೇ?" ಎಂದೂ ಬರವಣಿಗೆಯಲ್ಲೇ ಕೇಳಿ. ಇಲ್ಲ ಎಂದರೆ ಆ ಕೋಣೆ ಎಷ್ಟು ಅಗ್ಗವಾಗಿದ್ದರೂ ನಿಮಗಲ್ಲ. ದೊಡ್ಡ ಊರುಗಳಲ್ಲಿ ನೋಂದಣಿ ಕಚೇರಿಯ ಸಮಯ ವಾರಗಟ್ಟಲೆ ಸಿಗುವುದಿಲ್ಲ, ಹೊರಡುವ ಮೊದಲೇ ಇಲ್ಲಿಂದ ಕಾಯ್ದಿರಿಸಿ.

ತಲುಪುವ ದಿನವನ್ನೂ ಯೋಚಿಸಿ ಆರಿಸಬೇಕು. ನಾನು ಅಗ್ಗದ ಟಿಕೆಟ್ ನೋಡಿ ಶುಕ್ರವಾರ ಇಳಿದೆ. ವಿಮಾನದಿಂದ ರೈಲು, ರೈಲಿನಿಂದ ಬಸ್ ಹಿಡಿದು ಹಾಸ್ಟೆಲ್ ಬಾಗಿಲಿಗೆ ಬರುವಾಗ ಮಧ್ಯಾಹ್ನ ಮೂರು ಗಂಟೆ. ಬೀಗದಕೈ ಕೊಡುವವರು ಹನ್ನೆರಡಕ್ಕೇ ಮನೆಗೆ ಹೋಗಿದ್ದರು. ಬಾಗಿಲ ಮೇಲೆ ಅವರ ಕೆಲಸದ ವೇಳೆಯ ಹಾಳೆ ಅಂಟಿಸಿತ್ತು: ಶುಕ್ರವಾರ 9ರಿಂದ 12, ಮುಂದಿನದು ಸೋಮವಾರ. ಎರಡು ಸೂಟ್‌ಕೇಸ್ ಹಿಡಿದು ಮಳೆಯಲ್ಲಿ ಆ ಹಾಳೆಯನ್ನು ಓದಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಮೂರು ರಾತ್ರಿಯ ವಸತಿಗೆ ಮೊದಲ ತಿಂಗಳ ದಿನಸಿಯ ದುಡ್ಡು ಹೋಯಿತು. ಆದ್ದರಿಂದ ಸೋಮವಾರದಿಂದ ಗುರುವಾರದೊಳಗೆ, ಆದಷ್ಟು ಬೆಳಗ್ಗೆ ಊರು ತಲುಪುವಂತೆ ಟಿಕೆಟ್ ಮಾಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ, ಅಕ್ಟೋಬರ್ 3 ಅವರ ರಾಷ್ಟ್ರೀಯ ರಜೆ. ಆ ವಾರ ಬರುವವರು ಎರಡು ದಿನದ ಊಟವನ್ನು ಮೊದಲೇ ನೋಡಿಕೊಳ್ಳಬೇಕು. ಕೋಣೆಯಲ್ಲಿ ಮಂಚ, ಹಾಸಿಗೆ ಇರುತ್ತವೆ. ಹೊದಿಕೆ, ದಿಂಬು ಸಾಮಾನ್ಯವಾಗಿ ಇರುವುದಿಲ್ಲ, ಒಂದು ಹೊದಿಕೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಬೀಗದಕೈ ಸಿಕ್ಕ ಮೇಲೆ ಮೊದಲು ಮಾಡಬೇಕಾದದ್ದು ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸುವುದು. ನಮ್ಮೂರಿನ ಅಂಚೆಯವರು ಮನೆ ಗೊತ್ತಿಲ್ಲದಿದ್ದರೆ "ಇಂಥವರ ಮಗಳ ಮನೆ ಯಾವುದು?" ಎಂದು ಜಗಲಿಯಲ್ಲಿ ಕೂತವರನ್ನು ಕೇಳಿ ಕೊಟ್ಟುಹೋಗುತ್ತಾರೆ. ಅಲ್ಲಿ ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್ಸು ಹೋಗುತ್ತದೆ. ಬ್ಯಾಂಕಿನ ಕಾರ್ಡ್, ಅದರ ಗುಪ್ತಸಂಖ್ಯೆ, ತೆರಿಗೆ ಸಂಖ್ಯೆ, ವಿಮೆಯ ಕಾರ್ಡ್ ಎಲ್ಲವೂ ಕಾಗದದಲ್ಲಿ, ಅಂಚೆಯಲ್ಲೇ ಬರುತ್ತವೆ. ಹೆಸರು ಹೇಗಿದೆ ಎಂದು ನಾನು ಮೊದಲೇ ಕೇಳಿದ್ದು ಇದಕ್ಕೂ ಸೇರಿ. ಪೆಟ್ಟಿಗೆಯ ಮೇಲಿನ ಹೆಸರು ಲಕೋಟೆಯ ಮೇಲಿನ ಹೆಸರಿಗೆ ಹೊಂದಬೇಕು. ನೋಂದಣಿಯಾದ ಕೆಲವು ವಾರಕ್ಕೆ ರೇಡಿಯೊ, ಟಿವಿ ಶುಲ್ಕದ ಪತ್ರವೂ ಬರುತ್ತದೆ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಎಂದು ಅದನ್ನು ಬಿಸಾಡಬೇಡಿ, ಆ ಶುಲ್ಕ ಮನೆಗೆ, ಟಿವಿಗಲ್ಲ. ಜೊತೆಗಿರುವವರನ್ನು ಕೇಳಿ ಯಾರು ಕಟ್ಟುತ್ತಿದ್ದಾರೆಂದು ತಿಳಿದು ಉತ್ತರ ಬರೆಯಿರಿ.

ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯ ದಾಖಲು ಮಾಡಿಕೊಳ್ಳುವುದಿಲ್ಲ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸಾರ್ವಜನಿಕ ವಿಮೆಯಲ್ಲಿ ರಿಯಾಯಿತಿ ದರವಿದೆ. ಖಾಸಗಿ ವಿಮೆ ಅಗ್ಗವಾಗಿ ಕಾಣುತ್ತದೆ. ಅದಕ್ಕಾಗಿ ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆದರೆ ಆ ಓದು ಮುಗಿಯುವವರೆಗೂ ಹಿಂದಿರುಗುವ ದಾರಿ ಇಲ್ಲ. ನಾನಂತೂ ಸಾರ್ವಜನಿಕ ವಿಮೆಯನ್ನೇ ಹೇಳುತ್ತೇನೆ. ಸೆಮಿಸ್ಟರ್ ಆರಂಭಕ್ಕೆ ಮೊದಲೇ ಇಳಿಯುವವರು ನಡುವಿನ ದಿನಗಳಿಗೆ ಪ್ರಯಾಣ ವಿಮೆ ಮಾಡಿಸಿ.

ಇನ್ನು ಓದಿನ ವಿಷಯ. ವಿನಿಮಯದಲ್ಲಿ ಹೋಗುವವರು ಬೋಧನಾ ಶುಲ್ಕವನ್ನು ಇಲ್ಲಿಯ ವಿಶ್ವವಿದ್ಯಾಲಯಕ್ಕೇ ಕಟ್ಟುತ್ತಾರೆ, ಅಲ್ಲಿ ಕಟ್ಟುವುದು ಸೆಮಿಸ್ಟರ್ ವಂತಿಗೆ ಮಾತ್ರ. ಹಲವು ಊರುಗಳಲ್ಲಿ ಬಸ್, ರೈಲಿನ ಪಾಸ್ ಅದರಲ್ಲೇ ಸೇರಿರುತ್ತದೆ. ಹೊರಡುವ ಮೊದಲು, ಅಲ್ಲಿ ಓದುವ ವಿಷಯಗಳನ್ನು ಪಟ್ಟಿಮಾಡಿದ ಕಲಿಕೆಯ ಒಪ್ಪಂದಕ್ಕೆ ನಿಮ್ಮದು, ನಿಮ್ಮ ವಿಭಾಗದ್ದು, ಅಲ್ಲಿಯ ವಿಭಾಗದ್ದು ಮೂರೂ ಸಹಿ ಬೀಳಬೇಕು. ಬಾಯಿಮಾತಿನಲ್ಲಿ "ಬಂದ ಮೇಲೆ ನೋಡೋಣ, ಹೋಗಿಬನ್ನಿ" ಎಂದರೆ ಒಪ್ಪಬೇಡಿ. ಅಲ್ಲಿಯ ಚಳಿಗಾಲದ ಸೆಮಿಸ್ಟರ್ ಮುಗಿಯುವುದು ಮಾರ್ಚ್ 31ಕ್ಕೆ. ಪರೀಕ್ಷೆಗಳು ಫೆಬ್ರುವರಿ, ಮಾರ್ಚ್‌ವರೆಗೂ ನಡೆಯುತ್ತವೆ. ಅಷ್ಟರಲ್ಲಿ ಇಲ್ಲಿಯ ಮುಂದಿನ ಸೆಮಿಸ್ಟರಿನ ತರಗತಿಗಳು ಆರಂಭವಾಗಿರಬಹುದು. ಆ ವಾರಗಳ ಹಾಜರಾತಿಗೆ ಏನು ದಾರಿ, ಯಾವ ಪತ್ರಿಕೆಗೆ ಬದಲು ಯಾವ ಪತ್ರಿಕೆ, ಅಲ್ಲಿಯ ಅಂಕವನ್ನು ಇಲ್ಲಿ ಹೇಗೆ ಬರೆದುಕೊಳ್ಳುತ್ತಾರೆ ಎಂಬುದು ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ಕಾಗದದಲ್ಲಿರಲಿ.

ಅಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್ ಪೂರ್ಣ ಹೊರೆ. ಒಂದು ಕ್ರೆಡಿಟ್ ಎಂದರೆ ಸುಮಾರು 30 ಗಂಟೆಯ ಕೆಲಸ. ಹೊಸ ಊರು, ಹೊಸ ಭಾಷೆ, ಹೊಸ ಚಳಿ. ನಿಮ್ಮ ವಿಭಾಗ ಒಪ್ಪಿದರೆ 20ರ ಆಸುಪಾಸಿಗೆ ನಿಲ್ಲಿಸಿ, ಅದರಲ್ಲಿ ಜರ್ಮನ್ ಭಾಷೆಯ ತರಗತಿಯೊಂದು ಇರಲಿ. ನಮ್ಮಲ್ಲಿ ಸೆಮಿಸ್ಟರಿನ ಅಂಕಗಳನ್ನು ಹಂಚಿ ಕೊಡುವ ಸಿ1, ಸಿ2, ಸಿ3 ಎಂಬ ಹಂತಗಳನ್ನು ಅಲ್ಲಿ ನಿರೀಕ್ಷಿಸಬೇಡಿ. ಎಷ್ಟೋ ವಿಷಯಗಳಲ್ಲಿ ಕೊನೆಯ ಒಂದೇ ಪರೀಕ್ಷೆಯ ಮೇಲೆ ಇಡೀ ಫಲಿತಾಂಶ ನಿಂತಿರುತ್ತದೆ. ಹಾಜರಿ ಕರೆಯದ ತರಗತಿಗಳೇ ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು, ತರಗತಿಗೆ ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. ಸೆಮಿಸ್ಟರಿನ ನಡುವೆ ಅದಕ್ಕೊಂದು ಅವಧಿ ಬಂದು ಹೋಗುತ್ತದೆ. ಆ ದಿನ ತಪ್ಪಿದರೆ ನಾಲ್ಕು ತಿಂಗಳು ಒಂದು ತರಗತಿಯನ್ನೂ ಬಿಡದೆ ಕೂತವರೂ ಪರೀಕ್ಷೆ ಬರೆಯುವಂತಿಲ್ಲ. ಮೊದಲ ವಾರವೇ ಆ ದಿನಾಂಕವನ್ನು ತಿಳಿದು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ. ವೇಳಾಪಟ್ಟಿಯಲ್ಲಿ 10ರ ಪಕ್ಕದಲ್ಲಿ ಸಿ.ಟಿ. ಎಂದಿದ್ದರೆ ಪಾಠ ಹತ್ತೂಕಾಲಿಗೆ, ಎಸ್.ಟಿ. ಎಂದಿದ್ದರೆ ಸರಿಯಾಗಿ ಹತ್ತಕ್ಕೆ.

ಅಂಕಗಳ ಬಗ್ಗೆ ಮನೆಯವರಿಗೆ ಮೊದಲೇ ಹೇಳಿಟ್ಟಿರಿ. ಅಲ್ಲಿ 1.0 ಅತ್ಯುತ್ತಮ, 4.0 ತೇರ್ಗಡೆಯ ಕೊನೆಯ ಮೆಟ್ಟಿಲು, 5.0 ಅನುತ್ತೀರ್ಣ. ನನ್ನ ಮೊದಲ ಫಲಿತಾಂಶ 1.7 ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರವಾಗಿಲ್ಲ ಮಗಳೇ, ಮುಂದಿನ ಸಲ ಚೆನ್ನಾಗಿ ಓದು" ಎಂದಿದ್ದರು.

ಸಾಮಾನು ಕಟ್ಟುವಾಗ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದ ಕೆಲವು ವಸ್ತುಗಳಿವೆ. ಹೊರಡುವ ಹಿಂದಿನ ದಿನ ಅಮ್ಮ ಬೆಣ್ಣೆ ಕಾಯಿಸಿ, ಒಂದು ಚೂರು ವೀಳ್ಯದೆಲೆ ಹಾಕಿ ತೆಗೆದು, ತುಪ್ಪವನ್ನು ಹಾರ್ಲಿಕ್ಸ್ ಬಾಟಲಿಗೆ ಸೋಸಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದರು. ಅದನ್ನು ಬಿಟ್ಟುಹೋಗಬೇಕಾಯಿತು. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶಗಳಿಂದ ಸಾಮಾನಿನಲ್ಲಿ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ, ಪ್ರಾಣಿರೋಗ ಹರಡಬಾರದೆಂದು. ಹಸಿ ಕರಿಬೇವಿಗೂ ವೀಳ್ಯದೆಲೆಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅಂದರೆ ಒಯ್ಯುವಂತಿಲ್ಲ ಎಂದೇ ಲೆಕ್ಕ. ಬಾಳೆಹಣ್ಣಿಗೆ ಆ ನಿಯಮದಿಂದ ವಿನಾಯಿತಿ ಇದೆ, ಆದರೆ ನಂಜನಗೂಡು ರಸಬಾಳೆ ಅಷ್ಟು ದೂರದ ಪ್ರಯಾಣ ತಾಳುವುದಿಲ್ಲ. ಒಣಕೊಬ್ಬರಿ ಗಿಟುಕನ್ನು ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ, ಎಣ್ಣೆಯಂಶದಿಂದ ಬೆಂಕಿ ಹತ್ತುವ ವಸ್ತು ಎಂಬ ಕಾರಣಕ್ಕೆ. ಹುಳಿಪುಡಿ, ಸಾರಿನಪುಡಿ, ರಾಗಿಹಿಟ್ಟು, ಮಂಡ್ಯದ ಬೆಲ್ಲ ಧಾರಾಳವಾಗಿ ಒಯ್ಯಿರಿ. ಪುಡಿಗಳನ್ನು ಗಟ್ಟಿಯಾಗಿ ಮುಚ್ಚಿ, ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಅಂಟಿಸಿ. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಕೆಲಸ ಮಾಡುವುದಿಲ್ಲ, ಸ್ಟೀಲಿನ ಚಿಕ್ಕದೊಂದು ಸಾಕು. ಕೋಣೆಯ ಚಾವಣಿಯಲ್ಲಿ ಹೊಗೆ ಗುರುತಿಸುವ ಗಂಟೆ ಇರುತ್ತದೆ, ಊದುಬತ್ತಿ ಹಚ್ಚಬೇಡಿ. ಒಗ್ಗರಣೆ ಹಾಕುವಾಗ ಅಡುಗೆಮನೆಯ ಕಿಟಕಿ ತೆರೆದಿರಲಿ. ನಿಮಗೆ ಬೇಕಾದ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಒಯ್ಯಿರಿ, ಆಂಟಿಬಯೋಟಿಕ್ ಅಲ್ಲಿ ಚೀಟಿಯಿಲ್ಲದೆ ಸಿಗುವುದಿಲ್ಲ. ಇನ್ನು ಸ್ವೆಟರ್: ಎರಡು ಸಾಕು. ದಪ್ಪ ಕೋಟು ಮತ್ತು ನೀರಿಳಿಯದ ಬೂಟು ಅಲ್ಲಿಯೇ ಕೊಳ್ಳಿ, ಆ ಚಳಿಗೆ ಹೊಲಿದದ್ದು ಅಲ್ಲಿಯೇ ಸಿಗುತ್ತದೆ.

ಮೂಲ ದಾಖಲೆಗಳು, ಪ್ರತಿಯೊಂದರ ಎರಡೆರಡು ನಕಲು, ಭಾವಚಿತ್ರಗಳು, ಹಾಸ್ಟೆಲ್ ವಿಳಾಸ ಬರೆದ ಹಾಳೆ ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಬೇಡ. ಮೈಸೂರಿನಿಂದ ಹೊರಡುವ ಫ್ಲೈಬಸ್ ನೇರವಾಗಿ ವಿಮಾನ ನಿಲ್ದಾಣಕ್ಕೇ ಒಯ್ಯುತ್ತದೆ, ಬೆಂಗಳೂರಿನಲ್ಲಿ ಸಾಮಾನು ಹೊತ್ತು ಬಸ್ ಬದಲಿಸುವ ಕಷ್ಟವಿಲ್ಲ. ಸೆಮಿಸ್ಟರ್ ಮುಗಿಸಿ ಊರಿಗೆ ಮರಳುವಾಗ ಅದೇ ನೋಂದಣಿ ಕಚೇರಿಗೆ ಹೋಗಿ ಹೆಸರು ತೆಗೆಸಲು ಮರೆಯಬೇಡಿ. ಮರೆತರೆ ಟಿವಿ ಶುಲ್ಕ ನಿಮ್ಮ ಹೆಸರಿನಲ್ಲಿ ಬೆಳೆಯುತ್ತಲೇ ಇರುತ್ತದೆ.

ಮನೆಯಲ್ಲಿ ಕ್ಯಾಲೆಂಡರ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ ಹೊರಡಿ: ನಿಮ್ಮ ಪೂರ್ಣ ವಿಳಾಸ, ಅಲ್ಲಿಯ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಯ ಸಂಖ್ಯೆ. ನಿಮ್ಮ ಮೊಬೈಲಿನಲ್ಲಿ ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 112, ಪೊಲೀಸರಿಗೆ 110 ಎಂದು ಬರೆದುಕೊಳ್ಳಿ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ, ಅಂದಿನಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ. ರಾತ್ರಿ ಒಂಬತ್ತಕ್ಕೆ ಫೋನಿಗಾಗಿ ಕಾಯುವ ಅಮ್ಮನಿಗೆ, ಆ ಭಾನುವಾರದಿಂದ ಹತ್ತಾಗುತ್ತದೆ ಎಂದು ಮೊದಲೇ ಹೇಳಿ ಹೋಗಿ.