ರೂಟರಿನ ಪೋರ್ಟುಗಳು ಸಾಲದಾದಾಗ: ಮನೆಯ ತಂತಿಜಾಲವನ್ನು ವಿಸ್ತರಿಸುವ ಬಗೆ

ವಿಜಯಪುರದ ಹಳೆಯ ಓಣಿಗಳಲ್ಲಿ ದಪ್ಪ ಕಲ್ಲುಗೋಡೆಯ ಮನೆಗಳು ಇನ್ನೂ ಬಹಳಷ್ಟಿವೆ. ಪಡಸಾಲೆಯ ರೂಟರಿನಿಂದ ಹೊರಟ ವೈಫೈ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗಿಬಿಡುತ್ತದೆ. ಟಿವಿ, ಕಂಪ್ಯೂಟರ್, ಬಾಗಿಲ ಕ್ಯಾಮೆರಾಗಳಂತೆ ಒಂದೇ ಕಡೆ ಇರುವ ಸಾಧನಗಳನ್ನು ತಂತಿಯಿಂದ ಜೋಡಿಸುವುದೇ ಇಂಥ ಮನೆಗಳಿಗೆ ತಕ್ಕ ದಾರಿ. ಈ ಕೆಲಸ ಕಷ್ಟದ್ದಲ್ಲ. ಆದರೆ ನಾನು ನೋಡಿದ ಹತ್ತಾರು ಮನೆಗಳಲ್ಲಿ ಅದು ಕೆಟ್ಟದ್ದು ಒಂದೇ ಜಾಗದಲ್ಲಿ, ಕೇಬಲಿನ ತುದಿಗೆ ಕನೆಕ್ಟರ್, ಅಂದರೆ ಪೋರ್ಟಿಗೆ ಚುಚ್ಚುವ ಪುಟ್ಟ ಪ್ಲಗ್, ಹಾಕುವಲ್ಲಿ.

ಮೊದಲು ನೆಟ್‌ವರ್ಕ್ ಸ್ವಿಚ್ ಕೊಳ್ಳಿರಿ; ರೂಟರಿನ ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ ಇದು. ಎಂಟು ಪೋರ್ಟಿನ, ಯಾವ ಸೆಟ್ಟಿಂಗೂ ಬೇಡದ ಸಾದಾ ಗಿಗಾಬಿಟ್ (ಸೆಕೆಂಡಿಗೆ 1,000 ಮೆಗಾಬಿಟ್ ವೇಗದ) ಸ್ವಿಚ್ ಸಾಕು. ಒಂದು ಪೋರ್ಟ್ ರೂಟರಿಗೆ ಹೋಗುವುದರಿಂದ ಏಳು ಉಳಿಯುತ್ತವೆ; ಐದು ಪೋರ್ಟಿನದನ್ನು ತಂದವರು ವರ್ಷದೊಳಗೆ ಇನ್ನೊಂದನ್ನು ಹುಡುಕುತ್ತಾರೆ. ಸ್ವಿಚ್ಚಿನ ಬದಲು ಹಳೆಯ ರೂಟರನ್ನೇ ಬಳಸುವುದಾದರೆ, ಅದರ ಐಪಿ ವಿಳಾಸವನ್ನು (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಯನ್ನು) ಬದಲಿಸಿ, ಸಾಧನಗಳಿಗೆ ಇಂಥ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಲ್ಯಾನ್ ಪೋರ್ಟಿನಿಂದ (ಮನೆಯ ಸಾಧನಗಳಿಗೆಂದು ಇರುವ ಪೋರ್ಟಿನಿಂದ) ಲ್ಯಾನ್ ಪೋರ್ಟಿಗೆ ಜೋಡಿಸಬೇಕು. ಇಲ್ಲದಿದ್ದರೆ ಎರಡು ರೂಟರುಗಳೂ ವಿಳಾಸ ಹಂಚತೊಡಗಿ, ಕೆಲವು ಸಾಧನಗಳಿಗೆ ಇಂಟರ್‌ನೆಟ್ ಸಿಗದೇ ಹೋಗುತ್ತದೆ.

ಕೇಬಲ್ ಕ್ಯಾಟ್-6 ದರ್ಜೆಯ ನೆಟ್‌ವರ್ಕ್ ಕೇಬಲ್ ಇರಲಿ, ಅಪ್ಪಟ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ಎಳೆಯ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ಕೊಳ್ಳಬೇಡಿ. ಅದರ ಎಳೆಗಳು ಬಾಗಿದಲ್ಲಿ ಮುರಿಯುತ್ತವೆ, ಕೇಬಲಿನ ಮೂಲಕವೇ ಕ್ಯಾಮೆರಾಕ್ಕೆ ವಿದ್ಯುತ್ ಕೊಟ್ಟರೆ ಹೆಚ್ಚು ಕಾಯುತ್ತವೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿರಿ: ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಕರೆಂಟಿನ ವೈರು ಇರುವ ಪೈಪಿನಲ್ಲಿ ಇದನ್ನು ತೂರಿಸದೆ ಬೇರೆ ಪೈಪಿನಲ್ಲಿ ಎಳೆಯಿರಿ.

ಇನ್ನು ಕನೆಕ್ಟರ್. ಕೇಬಲಿನ ಹೊರಸಿಪ್ಪೆಯನ್ನು ಒಂದು ಇಂಚಿನಷ್ಟು ಸುಲಿದು, ಒಳಗಿನ ಎಳೆಗಳಿಗೆ ಗಾಯವಾಗಿಲ್ಲವೆಂದು ಖಚಿತಪಡಿಸಿಕೊಂಡು, ನಾಲ್ಕು ಜೋಡಿಗಳ ಹುರಿಯನ್ನು ಬಿಚ್ಚಿರಿ. ಕ್ಲಿಪ್ ಕೆಳಗೆ ಬರುವಂತೆ, ಎಳೆಗಳನ್ನು ತೂರಿಸುವ ಬಾಯಿ ನಿಮ್ಮ ಕಡೆಗೆ ಇರುವಂತೆ ಕನೆಕ್ಟರನ್ನು ಹಿಡಿದರೆ ಎಡದಿಂದ ಬರಬೇಕಾದ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದಕ್ಕೆ ಟಿ-568ಬಿ ಎನ್ನುತ್ತಾರೆ. ಹಸಿರು ಜೋಡಿ 3 ಮತ್ತು 6ನೆಯ ಸ್ಥಾನಗಳಿಗೆ ಒಡೆದು ಹೋಗುವುದನ್ನು ಕಂಡು, ಬಣ್ಣಗಳನ್ನು ಜೋಡಿಜೋಡಿಯಾಗಿ ಸಾಲಾಗಿಟ್ಟರೆ ಚೆಂದವೆಂದು ಭಾವಿಸುವವರೇ ಹೆಚ್ಚು. ಹಾಗೆ ಮಾಡಿದರೂ ಅಗ್ಗದ ಕೇಬಲ್ ಟೆಸ್ಟರಿನ ಎಂಟೂ ದೀಪಗಳು ಕ್ರಮವಾಗಿ ಹೊತ್ತುತ್ತವೆ. ಆದರೆ 3 ಮತ್ತು 6ರಲ್ಲಿ ಸಾಗುವ ಸಂಕೇತ ಒಂದಕ್ಕೊಂದು ಹುರಿಯಾಗಿರದ ಎರಡು ಎಳೆಗಳಲ್ಲಿ ಹರಿಯುವುದರಿಂದ, ಪಕ್ಕದ ಜೋಡಿಯ ಗದ್ದಲವೆಲ್ಲ ಅದರೊಳಗೆ ಸೇರಿ ವೇಗ ಕುಸಿಯುತ್ತದೆ.

ಎಳೆಗಳನ್ನು ನೇರಮಾಡಿ, ಹೊರಸಿಪ್ಪೆಯಿಂದ ಅರ್ಧ ಇಂಚು ಮಾತ್ರ ಉಳಿಯುವಂತೆ ಒಂದೇ ಸಮನಾಗಿ ಕತ್ತರಿಸಿರಿ. ಕನೆಕ್ಟರಿನೊಳಗೆ ತಳ್ಳಿದಾಗ ಎಂಟೂ ತುದಿಗಳು ಮುಂದಿನ ಗೋಡೆಗೆ ತಾಗಿರಬೇಕು, ಹೊರಸಿಪ್ಪೆಯೂ ಒಳಗೆ ಬಂದಿರಬೇಕು; ಆ ಸಿಪ್ಪೆ ಹೊರಗುಳಿದರೆ ಕೇಬಲ್ ಜಗ್ಗಿದಾಗಲೆಲ್ಲ ಎಳೆಗಳ ಮೇಲೆಯೇ ಭಾರ ಬೀಳುತ್ತದೆ. ಬಣ್ಣಗಳನ್ನು ಮತ್ತೊಮ್ಮೆ ಓದಿಕೊಂಡ ಮೇಲೆಯೇ ಕ್ರಿಂಪಿಂಗ್ ಇಕ್ಕಳವನ್ನು ಒತ್ತಿರಿ, ಏಕೆಂದರೆ ಒಮ್ಮೆ ಒತ್ತಿದ ಕನೆಕ್ಟರ್ ಮತ್ತೆ ಉಪಯೋಗಕ್ಕೆ ಬಾರದು. ಇನ್ನೊಂದು ತುದಿಗೂ ಇದೇ ಕ್ರಮ.

ಜೋಡಿಸುವಾಗ ಒಂದೇ ಕೇಬಲಿನ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಚುಚ್ಚದಂತೆ ನೋಡಿಕೊಳ್ಳಿರಿ. ಹಾಗೆ ಚುಚ್ಚಿದರೆ ಸಾದಾ ಸ್ವಿಚ್ಚಿನಲ್ಲಿ ಇಡೀ ಮನೆಯ ಜಾಲ ಸ್ತಬ್ಧವಾಗುತ್ತದೆ. ಮಾಳಿಗೆಯ ಮೇಲೆ ಬಯಲಿನಲ್ಲಿ ಹಾದ ಕೇಬಲನ್ನು ಗುಡುಗು-ಸಿಡಿಲಿನ ಅಡ್ಡಮಳೆ ಬರುವ ಮುನ್ನ ಸ್ವಿಚ್ಚಿನಿಂದ ಕಿತ್ತಿಡಿ.

ಕೊನೆಗೆ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ವೇಗವನ್ನು ನೋಡಿರಿ. ಎರಡೂ ಕಡೆಯ ಪೋರ್ಟುಗಳು ಗಿಗಾಬಿಟ್ ಆಗಿದ್ದೂ 1,000ದ ಬದಲು 100 ಎಂದು ತೋರಿಸಿದರೆ, ನೀಲಿ ಅಥವಾ ಕಂದು ಜೋಡಿಯ ಎಳೆಯೊಂದು ಸರಿಯಾಗಿ ತಾಗಿಲ್ಲವೆಂದು ಮೊದಲು ಶಂಕಿಸಿ, ಆ ಕನೆಕ್ಟರನ್ನು ಕತ್ತರಿಸಿ ಹೊಸದನ್ನು ಹಾಕಿರಿ.