ಶನಿ ಮಕರ ದಾಟಿದ ಎರಡು ವರ್ಷದ ಮೇಲೆ ಫೋನ್ ಮಾಡಿದೆ: ನನ್ನ ಅನುಭವ

ಸಾಗರದ ಪೇಟೆಯಲ್ಲಿ ನಾನು ಜಾತಕ ನೋಡಲು ಕೂತು ಇಪ್ಪತ್ತೈದು ವರ್ಷ ದಾಟಿತು. ಶನಿ ಮಕರ ಬಿಟ್ಟು ಎರಡು ವರ್ಷ ಕಳೆದ ಮೇಲೆ ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡುತ್ತೇನೆ, ಶನಿ ಮಕರದಲ್ಲಿದ್ದಾಗ ಬದುಕಿನಲ್ಲಿ ಆದ ಬದಲಾವಣೆ ಈಗಲೂ ಉಳಿದಿದೆಯಾ ಅಂತ ಕೇಳುತ್ತೇನೆ ಎಂದಾಗ ನಮ್ಮ ಕಸುಬಿನವರೇ ನಕ್ಕಿದ್ದರು. "ಎಂತ ಮಾರಾಯ, ಯಾರು ಫೋನ್ ಎತ್ತುತ್ತಾರೆ?" ಅಂದರು ಒಬ್ಬರು. ಇನ್ನೊಬ್ಬರು ಹಿರಿಯರು, "ಅನ್ನಕ್ಕೆ ನೀನೇ ಮಣ್ಣು ಹಾಕಿಕೊಳ್ತೀಯಲ್ಲೋ" ಎಂದರು. ಸುಮಾರು 210 ಜನರಲ್ಲಿ 160 ಜನ ಉತ್ತರ ಕೊಟ್ಟರು. ಅನ್ನವೂ ನಿಂತಿಲ್ಲ. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಗೋಚಾರ ಅಂದರೆ ಗ್ರಹಗಳು ರಾಶಿಯಿಂದ ರಾಶಿಗೆ ಸಾಗುವುದು; ಅದು ಎಷ್ಟನೇ ರಾಶಿ ಅಂತ ಜನ್ಮರಾಶಿಯಿಂದ ಎಣಿಸಿ ಫಲ ಹೇಳುತ್ತೇವೆ. ಅದಕ್ಕಿಂತ ಹೆಚ್ಚಿನ ವಿವರ ಇಲ್ಲಿ ಇಲ್ಲ. ನಾನು ಲಾಹಿರಿ ಅಯನಾಂಶ (ರಾಶಿಚಕ್ರ ಎಲ್ಲಿಂದ ಶುರು ಅನ್ನುವ ಲೆಕ್ಕ), ದೃಗ್ಗಣಿತ ಪಂಚಾಂಗದವನು, ಅಂದರೆ ಆಕಾಶದಲ್ಲಿ ಕಾಣುವ ಗ್ರಹಸ್ಥಾನಕ್ಕೆ ಹೊಂದುವ ಲೆಕ್ಕದವನು. ಕಂಪ್ಯೂಟರಿನಲ್ಲಿ ಜಗನ್ನಾಥ ಹೋರಾ. ಅದು ಪುಕ್ಕಟೆ ಸಿಗುತ್ತದೆ, ನಾನು ಬೇರೆ ಸಾಫ್ಟ್‌ವೇರಿಗೆ ಹಾಕಿದ ಆರು ಸಾವಿರ ದಂಡ.

ಇದಕ್ಕೆಲ್ಲ ಮೂಲ ನನ್ನ ಅಕ್ಕನ ಮಗ. 2014ರಲ್ಲಿ ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲೇ ಶುರು ಮಾಡಿದ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಪುಣೆಯಲ್ಲಿ ಮಾಡಿಸಿದ ಪರೀಕ್ಷೆಯ ಕಥೆ. ಇನ್ನೂರು ಮಕ್ಕಳ ಜಾತಕ. ಅರ್ಧ ಜನ ಓದಿನಲ್ಲಿ ಚುರುಕು, ಅರ್ಧ ಜನ ಬುದ್ಧಿ ಬೆಳವಣಿಗೆ ಹಿಂದುಳಿದವರು. ಯಾವುದು ಯಾರದ್ದು ಹೇಳಿ ಅಂತ ಒಬ್ಬೊಬ್ಬರಿಗೆ ನಲವತ್ತು ಜಾತಕ. ಉತ್ತರ ಕಳಿಸಿದವರು 27 ಜ್ಯೋತಿಷಿಗಳು. ಸರಿ ಬಂದದ್ದು ಸರಾಸರಿ ನೂರಕ್ಕೆ 46. "ಮಾವ, ನಾಣ್ಯ ಚಿಮ್ಮಿದ್ದರೂ ಐವತ್ತು ಬರ್ತಿತ್ತು" ಎಂದ. "ಅದು ಜಾತಕದ ಮಾತು, ಗೋಚಾರದ್ದಲ್ಲ" ಅಂತ ಹೇಳಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ಮರುದಿನ ಹೋಗಿ ಒಂದು ಉದ್ದ ಖಾತೆ ಪುಸ್ತಕ ತಂದೆ.

ಆ ಪುಸ್ತಕದ ಗತಿ ಹೇಳಿಬಿಡುತ್ತೇನೆ. ಅದೇ ನವೆಂಬರ್ 2ಕ್ಕೆ ಶನಿ ವೃಶ್ಚಿಕಕ್ಕೆ ಬಂದ. ಅಲ್ಲಿಂದ ಅರವತ್ತೆಪ್ಪತ್ತು ಜನರದ್ದು ಬರೆದಿದ್ದೆ. ಮೂರನೇ ಮಳೆಗಾಲದಲ್ಲಿ ಗೋಡೆ ಕಪಾಟಿಗೆ ಗೆದ್ದಲು ಹಿಡಿದು ಅರ್ಧ ಪುಸ್ತಕ ಮಣ್ಣಾಯಿತು. ಉಳಿದರ್ಧ ನೋಡಿದರೆ ಅದೂ ಮಣ್ಣೇ. "ಕಷ್ಟ ಇದೆ", "ಓಡಾಟ ಜಾಸ್ತಿ", "ಸ್ವಲ್ಪ ಪರವಾಗಿಲ್ಲ" ಅಂತೆಲ್ಲ ಬರೆದಿದ್ದೆ. ಇದನ್ನು ಹೇಗೆ ಅಳೆಯುವುದು? ಯಾರಿಗೆ ಓಡಾಟ ಇಲ್ಲ?

2020ರ ಜನವರಿ 24ಕ್ಕೆ ಶನಿ ಮಕರಕ್ಕೆ ಬಂದಾಗ ಹೊಸದಾಗಿ ಶುರು ಮಾಡಿದೆ. ಈ ಸಲ ಐದೇ ಕಲಂ. ಕೆಲಸ, ಮದುವೆ, ವಾಸದ ಜಾಗ, ಸಾಲ, ಆಸ್ಪತ್ರೆಗೆ ಸೇರುವಂಥ ಕಾಯಿಲೆ. ಹೌದು ಅಥವಾ ಇಲ್ಲ, ನಡುವೆ ಏನೂ ಇಲ್ಲ. ಪುಸ್ತಕ ಸ್ಟೀಲ್ ಡಬ್ಬಿಯಲ್ಲಿ.

ಎರಡು ತಿಂಗಳಿಗೆ ಲಾಕ್‌ಡೌನ್! ಶನಿ ಕಾಟ ಇದೆ ಅನ್ನಿಸಿಕೊಂಡಿದ್ದ ಧನು, ಮಕರ, ಕುಂಭ ರಾಶಿಯವರು ಫೋನ್ ಮಾಡಿ "ನೀವು ಹೇಳಿದ ಹಾಗೇ ಆಯ್ತು ಭಟ್ರೇ, ಅಂಗಡಿ ಬಾಗಿಲು ಹಾಕಿದೆ" ಅನ್ನತೊಡಗಿದರು. ಮೊದಲ ಒಂದು ವಾರ ನಾನೂ ಉಬ್ಬಿದೆ. ಆಮೇಲೆ ನಮ್ಮ ಬೀದಿಯ ಹೋಟೆಲಿನವನ ನೆನಪಾಯಿತು. ಅವನದ್ದು ಸಿಂಹರಾಶಿ. ಆರನೇ ಶನಿ, ಎಲ್ಲ ಪುಸ್ತಕದಲ್ಲೂ ಒಳ್ಳೆಯದು ಅಂತಲೇ ಬರೆದಿರುತ್ತದೆ. ಅವನ ಬಾಗಿಲೂ ಹಾಕಿತ್ತು.

ಆ ರಾತ್ರಿ ಕೂತು ಒಂದು ಸಣ್ಣ ಲೆಕ್ಕ ಮಾಡಿದೆ. ಇಷ್ಟು ವರ್ಷ ಯಾಕೆ ಮಾಡಲಿಲ್ಲವೋ ಗೊತ್ತಿಲ್ಲ. ಸಾಡೇಸಾತಿಗೆ, ಅಂದರೆ ಶನಿ ಜನ್ಮರಾಶಿಯಲ್ಲೋ ಅದರ ಹಿಂದಿನ, ಮುಂದಿನ ರಾಶಿಯಲ್ಲೋ ಇರುವ ಕಾಲಕ್ಕೆ, ಯಾವಾಗಲೂ ಮೂರು ರಾಶಿ. ಅಷ್ಟಮ ಶನಿಗೆ (ಜನ್ಮರಾಶಿಯಿಂದ ಎಂಟನೆಯದು) ಒಂದು, ಅರ್ಧಾಷ್ಟಮಕ್ಕೆ (ನಾಲ್ಕನೆಯದು) ಒಂದು. ಹನ್ನೆರಡರಲ್ಲಿ ಐದು. ಅಂದರೆ ಬಾಗಿಲಲ್ಲಿ ಯಾರೇ ಬಂದು ನಿಂತರೂ, ಕಣ್ಣು ಮುಚ್ಚಿ "ಶನಿ ಕಾಟ" ಅಂದರೆ ಐದರಲ್ಲಿ ಎರಡು ಸಲ ಶಾಸ್ತ್ರಕ್ಕೆ ಸರಿಯೇ ಇರುತ್ತದೆ. ಬರುವವರು ಕಷ್ಟ ಇದ್ದಾಗಲೇ ಬರುತ್ತಾರೆ. ಮಾತು ಹೊಂದದೆ ಎಲ್ಲಿಗೆ ಹೋಗುತ್ತದೆ? ಹಾಗಾಗಿ ಕಷ್ಟ ಇಲ್ಲದ ರಾಶಿಯವರನ್ನೂ ಹಿಡಿದುಕೊಂಡು ಬರೆಯಲೇಬೇಕು ಅಂತ ನಿಶ್ಚಯ ಮಾಡಿದೆ. ಶನಿ ಮಕರದಲ್ಲಿದ್ದಾಗ ವೃಶ್ಚಿಕ, ಸಿಂಹ, ಮೀನ ಚೆನ್ನಾಗಿರುವವರು. ಅವರು ಜ್ಯೋತಿಷಿ ಹತ್ತಿರ ಕಡಿಮೆ ಬರುತ್ತಾರೆ. ಮದುವೆ ಮನೆ, ಸೊಸೈಟಿ ಮೀಟಿಂಗು, ಬಸ್ಸು, ಎಲ್ಲೆಂದರಲ್ಲಿ ರಾಶಿ ಕೇಳಿ ಬರೆದುಕೊಂಡೆ. ನಮ್ಮ ಮನೆಯವಳಿಗೆ ನಾಚಿಕೆಯಾಗಿ ನನ್ನ ಜೊತೆ ಬರುವುದನ್ನೇ ಬಿಟ್ಟಳು.

ದುಡ್ಡಿನ ಮಾತು. ಲೆಕ್ಕ ಮುಗಿಯುವ ತನಕ ಶನಿ ಶಾಂತಿ ಮಾಡಿಸುವುದಿಲ್ಲ ಅಂತ ಹಟ ಹಿಡಿದೆ. ಶಾಂತಿ ಮಾಡಿಸಿದವರು, ಮಾಡಿಸದವರು ಎರಡೂ ಬೆರೆತರೆ ಪುಸ್ತಕ ಮತ್ತೆ ಹಾಳು. ಒಂದು ಹೋಮಕ್ಕೆ ಎಲ್ಲ ಸೇರಿ ಏಳೆಂಟು ಸಾವಿರ, ನನ್ನ ಪಾಲಿಗೆ ಅರ್ಧ ಉಳಿಯುತ್ತಿತ್ತು. ವರ್ಷಕ್ಕೆ ಅರವತ್ತು ಸಾವಿರ ಕೈ ಬಿಟ್ಟಿತು. ದಕ್ಷಿಣೆ 150 ಇದ್ದದ್ದನ್ನು 300 ಮಾಡಿದೆ. ಒಂದು ವರ್ಷ ಜನ ಕಡಿಮೆಯಾದರು. ಮಗಳ ಹಾಸ್ಟೆಲ್ ಫೀಸಿಗೆ ಸೊಸೈಟಿಯಲ್ಲಿ ಸಾಲ ಮಾಡಿದೆ. ನನ್ನ ಐದು ಕಲಂನಲ್ಲಿ ನನ್ನದೂ ಒಂದು ಹೌದು ಬಿತ್ತು. ಮೂರನೇ ವರ್ಷಕ್ಕೆ ಎಲ್ಲ ಸರಿಹೋಯಿತು. "ಈ ಭಟ್ರು ಹೋಮಕ್ಕೆ ಎಳೆಯಲ್ಲ" ಅಂತ ಸೊರಬ, ಹೊಸನಗರದಿಂದಲೂ ಬರತೊಡಗಿದರು.

ನಡುವೆ ಬೇರೆ ಆಟಗಳನ್ನೂ ಆಡಿದೆ. ಮೂರ್ತಿ ನಿರ್ಣಯ ಹಿಡಿದು, ಅಂದರೆ ಶನಿ ರಾಶಿ ಬದಲಿಸುವ ಹೊತ್ತಿಗೆ ಚಂದ್ರ ಎಲ್ಲಿದ್ದ ಅಂತ ನೋಡಿ, ಸುವರ್ಣ, ಲೋಹ ಅಂತ ವಿಂಗಡಿಸಿದೆ. ಏನೂ ಸಿಗಲಿಲ್ಲ. ಅಷ್ಟಕವರ್ಗ ಅನ್ನುವ ಅಂಕ ಕೊಡುವ ಕ್ರಮದ ಕಕ್ಷ್ಯೆ ಹಿಡಿದು, ರಾಶಿಯನ್ನು ಮೂರೂಮುಕ್ಕಾಲು ಡಿಗ್ರಿಗೊಂದರಂತೆ ಎಂಟು ತುಂಡು ಮಾಡಿ ತಿಂಗಳು ಗುರುತಿಸಿದೆ. ಕಣ್ಣು ನೋವು ಬಂತು, ಫಲ ಬರಲಿಲ್ಲ.

ಒಂದು ಆಟ ಮಾತ್ರ ನಿದ್ದೆ ಕೆಡಿಸಿತು. ಭದ್ರಾವತಿಯಲ್ಲಿ ನೆಲೆಸಿದ ನಾಲ್ಕು ತಮಿಳು ಕುಟುಂಬಗಳು ನನಗೆ ಪರಿಚಯ. ಅವರು ತಿರುನಳ್ಳಾರಿನ ಶನಿ ದೇವಸ್ಥಾನದ ಲೆಕ್ಕದವರು. ಅಲ್ಲಿ ವಾಕ್ಯ ಪಂಚಾಂಗ, ಅಂದರೆ ಹಳೆಯ ಸೂತ್ರವಾಕ್ಯಗಳ ಮೇಲೆ ಮಾಡುವ ಲೆಕ್ಕ. ಅದರ ಪ್ರಕಾರ ಶನಿ ಮಕರಕ್ಕೆ ಬಂದದ್ದು 2020ರ ಡಿಸೆಂಬರ್ 27ಕ್ಕೆ. ನನ್ನ ಪಂಚಾಂಗಕ್ಕಿಂತ ಹನ್ನೊಂದು ತಿಂಗಳು ತಡ. ಶನಿ ಒಬ್ಬನೇ, ಆಕಾಶವೂ ಒಂದೇ. ಶನಿ ಮಕರಕ್ಕೆ ಬಂದರೆ ವೃಶ್ಚಿಕದವರ ಸಾಡೇಸಾತಿ ಮುಗಿಯುತ್ತದೆ. ಆ ಮನೆಗಳ ವೃಶ್ಚಿಕ ರಾಶಿಯವರನ್ನು "ಹಗುರ ಆದದ್ದು ಯಾವಾಗಿನಿಂದ?" ಅಂತ ಕೇಳಿದೆ. ಎಲ್ಲರೂ ಅವರ ಪಂಚಾಂಗದ ತಾರೀಖಿನ ಆಸುಪಾಸೇ ಹೇಳಿದರು. ನಮ್ಮ ಕಡೆಯ ವೃಶ್ಚಿಕದವರು ಜನವರಿಯಿಂದಲೇ ಹಗುರ ಅಂದಿದ್ದರು. ಅದೂ ಲಾಕ್‌ಡೌನಿನ ವರ್ಷದಲ್ಲಿ! ಮೊನ್ನೆ 2025ರಲ್ಲೂ ಹಾಗೇ. ನಮಗೆ ಮಾರ್ಚ್ 29ಕ್ಕೆ ಶನಿ ಮೀನಕ್ಕೆ ಬಂದ. ತಿರುನಳ್ಳಾರಿನವರು ತಮ್ಮ ಲೆಕ್ಕಕ್ಕೆ 2026ರಲ್ಲಿ ಎಂದು ಪ್ರಕಟಣೆ ಕೊಟ್ಟರು.

ಸರಿ, ಮುಖ್ಯ ಲೆಕ್ಕ. ಶನಿ ಮಕರ ಪೂರ್ತಿ ಬಿಟ್ಟದ್ದು 2023ರ ಜನವರಿ 17. ಎರಡು ವರ್ಷ ಕಾದು, 2025ರ ಜನವರಿಯಿಂದ ಮಾರ್ಚ್‌ವರೆಗೆ ಫೋನ್ ಮಾಡಿದೆ. ಮಕರ, ಕುಂಭದವರಿಗೆ ಸಾಡೇಸಾತಿ ಇನ್ನೂ ಇತ್ತು, ಗೊತ್ತು. ನಾನು ಹಿಡಿದದ್ದು ಮಕರದ ಅವಧಿಯನ್ನಷ್ಟೇ. ಜನ ನೆನಪಿನಿಂದ ಬಣ್ಣ ಹಚ್ಚದ ಹಾಗೆ ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಕಂಡುಕೊಳ್ಳಲು ನನಗೆ ಮೂರು ವರ್ಷ ಹಿಡಿಯಿತು, ಇಲ್ಲಿ ಬರೆಯುವುದಿಲ್ಲ. ಅದನ್ನು ಗಿರಾಕಿಗಿಂತ ಅವರ ಹೆಂಡತಿಗೋ ಗಂಡನಿಗೋ ಕೇಳಿದರೆ ಒಳ್ಳೆಯದು ಅಂತ ಮಾತ್ರ ಹೇಳಬಲ್ಲೆ.

ಕೆಟ್ಟ ಶನಿಯ ಐದು ರಾಶಿಯವರು ಹತ್ತಿರ ಹತ್ತಿರ 90. ಆಗ ಆದ ಬದಲಾವಣೆ ಎರಡು ವರ್ಷದ ಮೇಲೂ ಉಳಿದದ್ದು 24 ಜನರಲ್ಲಿ. ಒಳ್ಳೆಯ ಶನಿಯ ಮೂರು ರಾಶಿಯವರು 35, ಉಳಿದದ್ದು ಒಂಬತ್ತು. ನಡುವಿನ ನಾಲ್ಕು ರಾಶಿಯವರದ್ದೂ ಅಷ್ಟೇ. ಎಲ್ಲಿ ನೋಡಿದರೂ ನಾಲ್ಕರಲ್ಲಿ ಒಬ್ಬರು! ಆ 24ರಲ್ಲಿ ಅರ್ಧದಷ್ಟು ಒಳ್ಳೆಯ ಬದಲಾವಣೆಗಳೇ. ಅಂಗಡಿ ಬಾಗಿಲು ಹಾಕಿದ ಧನು ರಾಶಿಯವನು ಈಗ ಅದೇ ಬೀದಿಯಲ್ಲಿ ಇನ್ನೂ ದೊಡ್ಡ ಅಂಗಡಿ ಇಟ್ಟಿದ್ದಾನೆ.

ದಶೆ, ಅಂದರೆ ಜಾತಕದಲ್ಲಿ ಒಂದೊಂದು ಗ್ರಹಕ್ಕೆ ಸಿಗುವ ವರ್ಷಗಳ ಸರದಿ, ಬದಲಾದ ಹೊತ್ತಿಗೇ ಶನಿಯೂ ಬದಲಾದವರು 23 ಜನ. ಅವರಲ್ಲಿ ಒಂಬತ್ತು ಜನಕ್ಕೆ ಉಳಿಯಿತು. ಇದು ಜಾಸ್ತಿ, ಅಲ್ವಾ? ನಾನೂ ಕುಣಿದೆ. ಆಮೇಲೆ ವಯಸ್ಸು ನೋಡಿದರೆ ಒಂಬತ್ತರಲ್ಲಿ ಆರು ಜನ ಇಪ್ಪತ್ತೆಂಟರಿಂದ ಮೂವತ್ತೆರಡರ ಒಳಗಿನವರು. ಶನಿ ಒಂದು ಸುತ್ತು ಮುಗಿಸಲು ಇಪ್ಪತ್ತೊಂಬತ್ತೂವರೆ ವರ್ಷ, ನಿಜ. ನಮ್ಮಲ್ಲಿ ಮದುವೆ, ಮಗು, ಮನೆ ಸಾಲ ಬರುವುದೂ ಆಗಲೇ. ದಶೆ-ಗೋಚಾರ ಕೂಡಿದರೆ ಏನೋ ಇದೆ ಅಂತ ನನ್ನ ಮನಸ್ಸು ಈಗಲೂ ಹೇಳುತ್ತದೆ. ಆದರೆ 23 ಜನರ ಮೇಲೆ ಮನೆ ಕಟ್ಟುವುದಿಲ್ಲ.

ಗುರುಬಲದ್ದು ಇನ್ನೊಂದು ಥರ. ಗುರುಬಲ ಬಂದ ವರ್ಷ ಮದುವೆ ಜಾಸ್ತಿ ಆಗುತ್ತದೆ, ನನ್ನ ಪುಸ್ತಕದಲ್ಲೂ ಹಾಗೇ ಇದೆ. ಮದುವೆ ಎರಡು ವರ್ಷ ಕಳೆದರೂ ಉಳಿಯುವಂಥದ್ದೇ. ಆದರೆ ಗುರುಬಲ ಬಂತು ಅಂತ ನಾನು ಹೇಳಿದ ಮೇಲೇ ತಾನೇ ಅಪ್ಪಂದಿರು ಜಾತಕ ಹಿಡಿದು ಹೊರಡುವುದು?

ಈ ಅನುಮಾನ ಹಿಡಿದು ಆ 24 ಜನರನ್ನು ಮತ್ತೆ ಒಬ್ಬೊಬ್ಬರಾಗಿ ತೆಗೆದೆ. ಏಳು ಜನರದ್ದು ಜ್ಯೋತಿಷಿ ಹೇಳಿದ್ದಕ್ಕೆ ಆದ ಬದಲಾವಣೆ. ಒಬ್ಬರು ಕಟ್ಟಬೇಕಿದ್ದ ಮನೆ ನಿಲ್ಲಿಸಿದ್ದರು. ಒಬ್ಬಳು ಕೂಡಿದ ಸಂಬಂಧ ಬಿಟ್ಟಿದ್ದಳು. ಮಿಥುನ ರಾಶಿಯ ಒಬ್ಬ 2020ರಲ್ಲಿ ಅರ್ಧ ಎಕರೆ ಅಡಿಕೆ ತೋಟ ಮಾರಿದ್ದ. ಅಷ್ಟಮ ಶನಿ, ಸಾಲ ಇಟ್ಟುಕೊಳ್ಳಬೇಡ, ಏನಾದರೂ ಕೊಟ್ಟು ತೀರಿಸು ಅಂದಿದ್ದು ನಾನೇ. ಮರುವರ್ಷ ಧಾರಣೆ ಕ್ವಿಂಟಲಿಗೆ ಐವತ್ತು ಸಾವಿರದ ಹತ್ತಿರ ಹೋಯಿತು. ಶನಿ ಮಕರ ಬಿಟ್ಟ, ಕುಂಭವನ್ನೂ ಬಿಟ್ಟ. ಆ ತೋಟ ಬೇರೆಯವರದ್ದೇ. ಅವನು ಈಗಲೂ ಬರುತ್ತಾನೆ, ನಾನು ಬೇಡ ಅಂದರೂ ಮುನ್ನೂರು ಇಟ್ಟು ಹೋಗುತ್ತಾನೆ. ಅದರ ಬಗ್ಗೆ ಒಂದು ಮಾತು ಆಡಿಲ್ಲ.

ಮೀನದ ಶನಿಗೆ ಹೊಸ ಪುಸ್ತಕ ಶುರುವಾಗಿದೆ, ಈಗಾಗಲೇ ಎಂಬತ್ತು ಹೆಸರು. ಶನಿ ಮೀನವನ್ನು ಪೂರ್ತಿ ಬಿಡುವುದು 2028ಕ್ಕೆ, ಫೋನ್ ಮಾಡುವುದು 2030ಕ್ಕೆ. ಐದು ಕಲಂ ಇದ್ದದ್ದನ್ನು ಆರು ಮಾಡಿದ್ದೇನೆ. ಆರನೆಯದರ ತಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ: "ಆ ದಿನ ನಾನು ಏನು ಹೇಳಿದೆ?"